ಒಂದೇ ಬುದ್ಧಿಯ ಎರಡು ಜೀವ

ವೀರನಹೊಸಹಳ್ಳಿ ಪಕ್ಕದ ಹಾಡಿಯ ಕುಳ್ಳನಿಗೆ ಇಪ್ಪತ್ತೆರಡು ವರ್ಷಗಳಿಂದ ಕಾಡು ಕಾಯುವ ದಿನಗೂಲಿ ಕೆಲಸ. ಹೆಜ್ಜೆ ನೋಡಿದರೆ ಸಾಕು, ಯಾವ ಪ್ರಾಣಿ, ಎಷ್ಟು ಹೊತ್ತಿನ ಮುಂಚೆ ಹೋಯಿತು ಅಂತ ಹೇಳಿಬಿಡುತ್ತಿದ್ದ. ಕಣ್ಣಿನಷ್ಟೇ ಬಾಯಿಯೂ ಚುರುಕು, ಅದೇ ಗ್ರಹಚಾರ. "ನಿನ್ ಬಾಯಿಗೊಂದು ಬೀಗ ಆಕ್ಬೇಕು ಕಣ" ಎಂದು ಹೆಂಡತಿ ಕೆಂಚಿ ಬೈಯುತ್ತಲೇ ಇದ್ದಳು. ಕೇಳಬೇಕಲ್ಲ ಮಹಾರಾಯ!

ಸೋಮವಾರ ಬೆಟ್ಟಸ್ವಾಮಿಯ ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯಿತು.

"ಕೊಂಡುಕುರಿನೂ ಕಮ್ಮಿ ಆಯ್ತಾ ಐತಂತೆ, ಆ ಅಳದಿ ಕತ್ತಿನ ಪಿಕಳಾರನೂ ಕಮ್ಮಿ ಆಯ್ತಾ ಐತಂತೆ. ಎಲ್ಡರಲ್ಲಿ ಯಾವುದು ಎಚ್ಚು ಕುಳ್ಳಣ್ಣ?" ಎಂದು ಬೆಟ್ಟಸ್ವಾಮಿ ಕೆಣಕಿದ.

"ಎಚ್ಚೂ ಇಲ್ಲ, ಕಮ್ಮಿನೂ ಇಲ್ಲ. ಎಲ್ಡೂ ಒಂದೇ ಬುದ್ಧಿಯವು ಕಣ್ಲಾ" ಎಂದು ಕುಳ್ಳ ಎದೆಯುಬ್ಬಿಸಿದ. "ತಲೆ ಮ್ಯಾಲೆ ನಾಕು ಕೊಂಬಿದ್ರೂ ಕೊಂಡುಕುರಿ ದಿನಾ ಒಂದೇ ಜಾಗದಾಗೆ ಇಕ್ಕೆ ಆಕ್ತದೆ. ಮುಷ್ಟಿಯಷ್ಟಿದ್ರೂ ಪಿಕಳಾರ ದಿನಾ ಒಂದೇ ಕೊಂಬೆ ಮ್ಯಾಲೆ ರಾಗ ತೆಗೀತದೆ. ಅದು ಹಳ್ಳದ ನೆಲ್ಲಿಮರದ ಬುಡ, ಇದು ಮ್ಯಾಗಳ ಬಂಡೆ ಅತ್ತಿಮರ. ಕಣ್ ಮುಚ್ಕೊಂಡು ನಡುದ್ರೂ ಸಿಕ್ತವೆ."

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಇಬ್ಬರು ಅಪರಿಚಿತರು ಅವನಿಗೆ ಟೀ ಕೊಡಿಸಿದರು, ಜೊತೆಗೆ ಎರಡು ಬೋಂಡ. ಕುಳ್ಳ ಚಪ್ಪರಿಸಿಕೊಂಡು ತಿಂದ.

ಗುರುವಾರ ಬೆಳಿಗ್ಗೆ ಕುಳ್ಳ ನೆಲ್ಲಿಮರದ ಬುಡಕ್ಕೆ ಹೋದ. ಹಿಕ್ಕೆಯ ಗುಡ್ಡೆಯ ಪಕ್ಕದಲ್ಲೇ ಕ್ಲಚ್ ತಂತಿಯ ಉರುಲು. ತಂತಿಗೆ ಕಂದು ಕೂದಲು ಅಂಟಿತ್ತು. ಗೊರಸು ಕೆದರಿದ ನೆಲದ ತುಂಬಾ ರಕ್ತ, ಪೊದೆಯತ್ತ ಏನನ್ನೋ ಎಳೆದೊಯ್ದ ಗುರುತು.

"ಅಯ್ಯಯ್ಯೋ! ನನ್ ಬಾಯಿಗಿಷ್ಟು ಬೆಂಕಿ ಬೀಳ! ನಾನೇ ಏಳ್ಬುಟ್ನಲ್ಲಪ್ಪಾ!"

ತಕ್ಷಣ ಹಕ್ಕಿ ನೆನಪಾಯಿತು. ಬಿದ್ದೆನೋ ಎದ್ದೆನೋ ಎಂದು ಬಂಡೆ ಹತ್ತಿದ. ಕೈಗೆಟುಕದ ಎತ್ತರದಲ್ಲಿ, ಅದೇ ಕೊಂಬೆಗೆ ಯಾರೋ ಹಕ್ಕಿ ಹಿಡಿಯುವ ಅಂಟು ಬಳಿದಿದ್ದರು. ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಪಿಕಳಾರ ಆಗಲೇ ಪಕ್ಕದ ಪೊದೆಗೆ ಬಂದು ಕೂತಿತ್ತು. ಇನ್ನೊಂದು ಸಲ ರೆಕ್ಕೆ ಬಿಚ್ಚಿದರೆ ಅದರ ಕಥೆ ಮುಗಿಯಿತು!

ಅದರ ಹಾಡಿಗೆ ಎಲ್ಲಿ ಭಂಗ ಬಂದೀತೋ ಎಂದು ದಿನವೂ ಕೆಮ್ಮನ್ನೂ ತಡೆದು ನಿಲ್ಲುತ್ತಿದ್ದವನು ಅವತ್ತು ಕಲ್ಲೆತ್ತಿ ಬೀಸಿದ. "ಓಗು! ಓಗು ಇಲ್ಲಿಂದ!" ಎಂದು ಗಂಟಲು ಹರಿಯುವಂತೆ ಕಿರುಚಿದ. ಹಕ್ಕಿ ಬೆದರಿ ಹಳ್ಳದಾಚೆ ಹಾರಿತು. ಕುಳ್ಳ ಮರ ಹತ್ತಿ ಆ ಕೊಂಬೆಯನ್ನು ಕಡಿದು ಹಾಕಿದ.

ಶುಕ್ರವಾರ ಅದೇ ಹೊತ್ತಿಗೆ ಪಿಕಳಾರ ಮತ್ತೆ ಬಂತು. ಕಡಿದ ಕೊಂಬೆಯ ಪಕ್ಕದ ಕೊಂಬೆಯಲ್ಲಿ ಕೂತು ರಾಗ ತೆಗೆಯಿತು. ಟೀ ಕೊಡಿಸಿದ ಆ ಇಬ್ಬರಿಗೆ ಈ ಮರ ಗೊತ್ತಾಗಿಬಿಟ್ಟಿತ್ತಲ್ಲ. ಕುಳ್ಳ ಕಣ್ಣೊರೆಸಿಕೊಂಡು ಕಲ್ಲಿಗಾಗಿ ಬಗ್ಗಿದ.