ಸಂಗೀತದ ಥಿಯರಿಗೆ ಮೇಷ್ಟ್ರು ಬೇಕಾಗಿದ್ದಾರೆ

ಆಗೆಲ್ಲ ದೆಹಲಿಯ ಸರೋಜಿನಿ ನಗರದ ಯಾವ ಕರೆಂಟು ಕಂಬದ ಕಡೆ ಕಣ್ಣು ಹಾಯಿಸಿದರೂ ಅಲ್ಲೊಬ್ಬ ಗಣಿತದ ಮೇಷ್ಟ್ರು ನೇತಾಡುತ್ತಿದ್ದರು. ಅವರ ಕೆಳಗೆ ಫಿಸಿಕ್ಸ್‌ನವರು, ಅವರನ್ನು ಅರ್ಧ ಮುಚ್ಚಿಕೊಂಡು ಇಂಗ್ಲಿಷ್ ಸ್ಪೀಕಿಂಗ್‌ನವರು. ಮಾರ್ಕೆಟ್ಟಿನಲ್ಲಿ ಕುರ್ತಾ ಕೊಂಡು ಹೊರಗೆ ಬರುವಷ್ಟರಲ್ಲಿ ಯಾರೋ ಒಬ್ಬ ಭಯ್ಯಾ ಕೈಗೆ ಕೆಮಿಸ್ಟ್ರಿ ಕೋಚಿಂಗಿನ ಚೀಟಿ ತುರುಕುತ್ತಿದ್ದ. ಈ ಊರಿನಲ್ಲಿ ಮಕ್ಕಳಿಗಿಂತ ಟ್ಯೂಟರುಗಳೇ ಜಾಸ್ತಿ ಎಂದು ಅಮ್ಮ ಗೊಣಗುತ್ತಿದ್ದಳು. ಅಷ್ಟು ಜನರ ನಡುವೆ, ಹನ್ನೊಂದನೇ ಕ್ಲಾಸಿನ ಒಂದು ಹುಡುಗಿಗೆ ಹಿಂದೂಸ್ತಾನಿ ಸಂಗೀತದ ಥಿಯರಿ ಹೇಳಿಕೊಡುವವರು ಒಬ್ಬರೂ ಸಿಗಲಿಲ್ಲ. ಆ ಹುಡುಗಿ ನಾನು. ಆ ವರ್ಷದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಶಾಲೆಯಲ್ಲಿ ಸಂಗೀತವನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ. ಹಾಡಿದರೆ ಸಾಲದು, ಹಾಡಿನ ಬಗ್ಗೆ ಬರೆಯಬೇಕು. ರಾಗದ ಲಕ್ಷಣ, ಶ್ರುತಿಗಳ ಹೆಸರು, ತಾಳವನ್ನು ದುಪ್ಪಟ್ಟು ವೇಗದಲ್ಲಿ ಅಕ್ಷರ ಕೂಡಿಸಿ ಬರೆಯುವ ಲಯಕಾರಿ, ಎಲ್ಲಕ್ಕೂ ಮಾರ್ಕ್ಸು. ನಮಗೆ ಪಾಠ ಮಾಡುತ್ತಿದ್ದ ಟೀಚರ್ ಜುಲೈ ತಿಂಗಳಲ್ಲಿ, ಗಂಡನಿಗೆ ವರ್ಗವಾಯಿತೆಂದು ಹೊರಟುಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಹೋಮ್ ಸೈನ್ಸ್ ಕಡೆ ಜಾರಿದರು. ನಾನು ಜಾರಲಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಎಂದು ಎರಡರಲ್ಲೂ ತಡವರಿಸುತ್ತಿದ್ದ ನಾನು ಇಡೀ ಶಾಲೆಯಲ್ಲಿ ಯಾರೋ ಒಬ್ಬಳು ಅನ್ನಿಸಿಕೊಳ್ಳುತ್ತಿದ್ದದ್ದು ಆ ಒಂದು ಪೀರಿಯಡ್ಡಿನಲ್ಲಿ. ಅದು ಹೋದರೆ ನನ್ನ ಪಾಲಿಗೆ ಉಳಿಯುವುದು ಹಿಂದಿನ ಬೆಂಚು, ಅಷ್ಟೇ.

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ತುಮಕೂರು ಬಿಟ್ಟು ಬಂದು ಇಪ್ಪತ್ತು ವರ್ಷವಾಗಿದ್ದರೂ ದೆಹಲಿಯ ಯಾವ ಕೆಲಸವೂ ವಿಚಾರಿಸಿದರೆ ಆಗುತ್ತದೆ ಎಂಬ ನಂಬಿಕೆ ಅವರಿಗೆ. ವಿಚಾರಿಸಿದರು. ಹೌಜ್ ಖಾಸ್‌ನಲ್ಲಿ ಒಂದು ಮ್ಯೂಸಿಕ್ ಸ್ಕೂಲ್ ಇದೆ, ಬೋರ್ಡಿನ ಮೇಲೆ ಥಿಯರಿ ಎಂದೇ ಬರೆದಿದೆ ಎಂದು ಖುಷಿಯಾಗಿ ಕರೆದುಕೊಂಡು ಹೋದರು. ಎಸಿ ರೂಮು, ಗೋಡೆಯ ತುಂಬ ಗಿಟಾರು. ಅಲ್ಲಿನ ಮೇಡಂ ನಗುನಗುತ್ತಾ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಐದು ಗೆರೆ, ಅವುಗಳ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆ. ಇದು ವೆಸ್ಟರ್ನ್, ನಮ್ಮ ಸಿಲೆಬಸ್ ಅಲ್ಲ ಅಂದೆ. "ಥಿಯರಿ ಈಸ್ ಥಿಯರಿ," ಅಂದರು ಅವರು. ಅಪ್ಪನಿಗೆ ಆ ಮಾತು ಸರಿಯಾಗಿಯೇ ಕಂಡಿತು. ವಾಪಸು ಬರುವ ಆಟೋದಲ್ಲಿ, "ಒಂದ್ ಸಲ ಟ್ರೈ ಮಾಡಬಹುದಿತ್ತು ಕಣೇ," ಅಂದಾಗ ನನಗೆ ಆಟೋದಿಂದ ಹಾರಿಬಿಡೋಣ ಅನ್ನಿಸಿತ್ತು.

ಆಮೇಲೆ ನಮ್ಮ ಬ್ಲಾಕಿನ ಪದ್ಮಾ ಆಂಟಿ. ಕಾಲನಿಯ ಕನ್ನಡದ ಮಕ್ಕಳಿಗೆಲ್ಲ ದೇವರನಾಮ ಕಲಿಸುತ್ತಿದ್ದವರು. ಬಂಗಾರದಂಥ ಮನಸ್ಸು, ಆದರೆ ಅವರ ಸಂಗೀತ ಪೂರ್ತಿ ಕರ್ನಾಟಕಿ. ನನ್ನ ಪುಸ್ತಕ ತಿರುವಿ ನೋಡಿ, "ಇದ್ರಲ್ಲೇನಿದೆ? ಇವರ ಭೂಪಾಲಿ ಅಂದ್ರೆ ನಮ್ಮ ಮೋಹನ. ಭೈರವಿ ಅಂತೂ ಭೈರವೀನೇ. ಹೆಸರು ಅದೇ ಇದೆಯಲ್ಲ," ಅಂದು, ನಿಪ್ಪಟ್ಟು ಕೊಟ್ಟು, ಭೈರವಿಯ ಲಕ್ಷಣವನ್ನು ಬಾಯಿಪಾಠ ಮಾಡಿಸಿದರು. ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಭೈರವಿಯ ಬಗ್ಗೆಯೇ ಪ್ರಶ್ನೆ ಬಂತು. ಹಿಗ್ಗಿನಿಂದ ಎರಡು ಪುಟ ಬರೆದೆ. ಇಲ್ಲಿಯವರ ಭೈರವಿಯೇ ಬೇರೆ, ಅದರ ರಿಷಭವೇ ಬೇರೆ, ಇಳಿಸಿ ಹಾಡುವ ಕೋಮಲ ರೇ. ಪೇಪರು ತಿದ್ದಿದ ಬೇರೆ ಶಾಲೆಯ ಟೀಚರಿಂದ ಎರಡು ಪುಟದ ಮೇಲೂ ಉದ್ದಕ್ಕೆ ಕೆಂಪು ಗೀಟು ಬಿತ್ತು. ಪದ್ಮಾ ಆಂಟಿಗೆ ತೋರಿಸಿದರೆ, "ಅವರಿಗೆ ಭೈರವಿ ಗೊತ್ತಿಲ್ಲ ಬಿಡು," ಅಂದುಬಿಟ್ಟರು.

ಪ್ರಿನ್ಸಿಪಾಲ್ ಮೇಡಂ ಅಪ್ಪನನ್ನು ಕರೆಸಿದರು. ಚಳಿಗಾಲದ ರಜೆ ಮುಗಿದ ಮೇಲೆ ಥಿಯರಿಯ ಪರೀಕ್ಷೆ ಇನ್ನೊಂದು ಸಲ ಕೊಡುತ್ತೇವೆ, ಅದರಲ್ಲೂ ಪಾಸಾಗದಿದ್ದರೆ ಹುಡುಗಿ ಹೋಮ್ ಸೈನ್ಸಿಗೆ ಹೋಗಬೇಕು ಎಂದರು. ಅಪ್ಪ ಮತ್ತೆ ವಿಚಾರಿಸಲು ಹೊರಟರು.

ನವೆಂಬರಿನಲ್ಲಿ ಮೂರನೆಯವರು ಸಿಕ್ಕರು. ಘಾಜಿಯಾಬಾದಿನಲ್ಲಿ ಒಬ್ಬ ಪಂಡಿತ್‌ಜೀ. ಮೆಟ್ರೊ ಇಳಿದು, ಶೇರ್ ಆಟೋದಲ್ಲಿ ಇನ್ನೊಬ್ಬರ ಮೊಣಕೈ ತಿವಿಸಿಕೊಂಡು, ಹೊಗೆಯಲ್ಲಿ ಕೆಮ್ಮುತ್ತಾ ಹೋಗಬೇಕು. ಅವರು ನಿಜವಾದ ಸಂಗೀತಗಾರರು, ಅದರಲ್ಲಿ ಅನುಮಾನವಿಲ್ಲ. ತೊಂದರೆಯೂ ಅದೇ. ನಾನು ಪುಸ್ತಕ ತೆಗೆದರೆ ಅದನ್ನು ಮೆಲ್ಲಗೆ ಮುಚ್ಚಿ ಬದಿಗಿಟ್ಟು, "ಬೇಟಾ, ಕಾಗಜ್ ನಹೀ ಗಾತಾ," ಅನ್ನುತ್ತಿದ್ದರು. ಕಾಗದ ಹಾಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಆದರೆ ಪರೀಕ್ಷೆ ಇದ್ದದ್ದು ಕಾಗದದ ಮೇಲೆ. ಪ್ರತಿ ಭಾನುವಾರವೂ ಒಂದೇ ಷಡ್ಜವನ್ನು ಹಿಡಿಸಿ ಕೂರಿಸಿ, ನಡುವೆ ಶುಂಠಿ ಚಹಾ, ಉಪ್ಪು ಮಠರಿ ಕೊಟ್ಟು, ಮುಂದಿನ ವಾರ ಬಾ ಎಂದು ಕಳಿಸುತ್ತಿದ್ದರು. ಗಂಟಲು ಸುಧಾರಿಸಿತು. ಥಿಯರಿ ಮೊದಲಿದ್ದಲ್ಲೇ ಇತ್ತು. ಡಿಸೆಂಬರಿನ ಮೊದಲ ಮಂಜು ಬಿದ್ದ ದಿನ ಅಲ್ಲಿಂದ ಬಂದವಳೇ ಬ್ಯಾಗನ್ನು ಎಸೆದು ಅತ್ತೆ.

"ನನಗೆ ಯಾರೂ ಬೇಡ. ಐ ವಿಲ್ ಫೇಲ್. ಚಲೋ, ಹೋಮ್ ಸೈನ್ಸೇ ಮಾಡ್ತೀನಿ."

ಅಪ್ಪ ಪುಸ್ತಕ ಎತ್ತಿಕೊಂಡು ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ಓದಿದರು. "ಇದು ಲೆಕ್ಕ ಕಣೇ ಸುಮಾ," ಅಂದರು ಕೊನೆಗೆ. "ಡಿಪಾರ್ಟ್‌ಮೆಂಟಲ್ ಎಕ್ಸಾಮಿಗಿಂತ ಸುಲಭ ಇದೆ. ನಾನೇ ಹೇಳ್ಕೊಡ್ತೀನಿ."

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು, ಅಪ್ಪನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗದೆ ಏನು ಮಾಡುತ್ತಾಳೆ? ನಮ್ಮಪ್ಪನಿಗೆ ಸ್ವರಜ್ಞಾನ ಎಂಬುದು ಎಳ್ಳಷ್ಟೂ ಇರಲಿಲ್ಲ. ರಾಷ್ಟ್ರಗೀತೆಗೆ ಬರೀ ತುಟಿ ಆಡಿಸುತ್ತಿದ್ದರು. ಮಂಗಳಾರತಿಗೆ ಗಂಟೆ ಬಾರಿಸುವ ಕೆಲಸವನ್ನೂ ಅಮ್ಮ ಅವರ ಕೈಯಿಂದ ಕಿತ್ತುಕೊಂಡಿದ್ದಳು. ಅಮ್ಮ ದಿನವಿಡೀ ಕೆಲಸ ಮಾಡುತ್ತಾ ಏನಾದರೊಂದು ಹಾಡಿಕೊಳ್ಳುತ್ತಿದ್ದಳು. ಅದು ಅಪ್ಪನ ಪಾಲಿಗೆ ಫ್ಯಾನಿನ ಸದ್ದು, ಕುಕ್ಕರಿನ ಸದ್ದು ಇದ್ದ ಹಾಗೆ ಇನ್ನೊಂದು ಸದ್ದು.

ಆ ಚಳಿಗಾಲ ನಮ್ಮ ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಹಗ್ಗದ ಮಂಚ ಹಾಕಿ, ಬಿಸಿಲು ಸರಿದ ಕಡೆಗೆಲ್ಲ ಅದನ್ನು ಎಳೆದುಕೊಂಡು ಪಾಠ ನಡೆಯಿತು. ಕಡಲೆಕಾಯಿ, ಎಳ್ಳು ಬೆಲ್ಲದ ಗಜಕ್, ಕಿತ್ತಳೆ ಸಿಪ್ಪೆಯ ವಾಸನೆ, ಅಮ್ಮ ಉಪ್ಪು ಖಾರ ಹಚ್ಚಿಕೊಟ್ಟ ಮೂಲಂಗಿ. ಅಪ್ಪ ಮಫ್ಲರ್ ಸುತ್ತಿಕೊಂಡು ತುಮಕೂರು ಹಿಂದಿಯಲ್ಲಿ, ಆಫೀಸಿನ ಸರ್ಕ್ಯುಲರ್ ಓದುವ ದನಿಯಲ್ಲಿ, "ಧಾ ಧಿನ್ ಧಿನ್ ಧಾ" ಎನ್ನುತ್ತಿದ್ದರು. ಹಾದುಹೋಗುವವರು ನಿಂತು ನೋಡುತ್ತಿದ್ದರು. ತರಕಾರಿ ಭಯ್ಯಾ ಒಂದು ದಿನ, "ಸಾಹಬ್, ಪೂಜಾ ಹೈ ಕ್ಯಾ?" ಎಂದು ಕೇಳಿದ. ನಾನು ಶಾಲಿನೊಳಗೆ ಮುಖ ಮುಚ್ಚಿಕೊಂಡೆ.

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ನಾನು ಇಲ್ಲಿಯವರ ಭೈರವಿಯನ್ನು ಹಾಡಿ ತೋರಿಸಿದರೆ ಅಪ್ಪ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು, "ಈಗ ಹಾಡಿದ್ದು ಕೋಮಲ ರೇ ತಾನೇ? ಗ್ಯಾರಂಟಿನಾ?" ಅನ್ನುತ್ತಿದ್ದರು. ಕಿವಿಯಿಂದ ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಕೇಳದೆ ಬಿಡುತ್ತಿರಲಿಲ್ಲ. ಜಗಳವಾಡಿದೆ, ಪುಸ್ತಕ ಬಿಸಾಕಿದೆ. ಅವರು ಎತ್ತಿ ಧೂಳು ಕೊಡವಿ ಅದೇ ಪುಟಕ್ಕೆ ಬರುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ತಾಳ. ಹದಿನಾರು ಮಾತ್ರೆಯ ತೀನ್‌ತಾಲನ್ನು ದುಪ್ಪಟ್ಟು, ನಾಲ್ಕು ಪಟ್ಟು ವೇಗದಲ್ಲಿ ಎಲ್ಲಿಂದ ಬೇಕಾದರೂ ಶುರು ಮಾಡಿ ಬರೆಯುತ್ತಿದ್ದರು. ತಾಳದ ಮೊದಲ ಏಟಿಗೆ ಸಮ್ ಎನ್ನುತ್ತಾರೆ. ಅದನ್ನು ಅಪ್ಪ ನನಗೆ ವಿವರಿಸಿದ್ದು ಹೀಗೆ: "ಬಸ್ಸು ಎಲ್ಲೆಲ್ಲೋ ಸುತ್ತಾಡಿ ನಮ್ಮ ಸ್ಟಾಪಿಗೆ ಬರುತ್ತಲ್ಲ, ಅದೇ ಸಮ್." ಹೇಳುತ್ತಾ ಎಣಿಸಿದರು, ಕೊನೆಗೆ ತೊಡೆಗೊಂದು ಏಟು ಹಾಕಿ, "ಬಂತು," ಅಂದರು. ಅಲ್ಲಿಂದ ಪ್ರತಿಯೊಂದು ಸಮ್ಮಿಗೂ "ಬಂತು".

ಕ್ರಿಸ್ಮಸ್ ರಜೆಯಲ್ಲಿ ಹೌಜ್ ಖಾಸ್‌ನ ಪಾರ್ಕೊಂದರಲ್ಲಿ ಸಂಜೆ ಸಂಗೀತ ಕಚೇರಿ ಇತ್ತು, ಟಿಕೆಟ್ ಇರಲಿಲ್ಲ. ಪುಸ್ತಕದಲ್ಲಿರುವುದು ನಿಜವೇ ಎಂದು ವೆರಿಫೈ ಮಾಡೋಣ ಎಂದು ಅಪ್ಪ ನನ್ನನ್ನು ಹೊರಡಿಸಿದರು. ಗಾಯಕರು ಬಹಳ ನಿಧಾನದ ಲಯದಲ್ಲಿ ಶುರು ಮಾಡಿದರು. ಅಪ್ಪನ ಎಣಿಕೆ ಅಲ್ಲಿ ಪೂರ್ತಿ ಕಳೆದುಹೋಯಿತು. ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ದಾರಿ ತಪ್ಪಿದವರ ಹಾಗೆ ಕೂತಿದ್ದರು. ಆಮೇಲೆ ಹಾಡು ಚುರುಕಾಯಿತು. ತೀನ್‌ತಾಲ್. ಅಪ್ಪ ತಬಲಾದವರ ಕೈಯನ್ನೇ ನೋಡುತ್ತಾ ತುಟಿ ಆಡಿಸತೊಡಗಿದರು. ಗಾಯಕರು ಎಲ್ಲೋ ಮೇಲಕ್ಕೆ ಹೋಗಿ, ತಿರುಗಿ, ಸುತ್ತಿ, ಧುಮುಕಿ ಸಮ್ಮಿಗೆ ಬಂದು ನಿಂತರು.

"ಬಂತು," ಅಂದರು ಅಪ್ಪ, ಗಟ್ಟಿಯಾಗಿ.

ಮುಂದೆ ಕೂತಿದ್ದ ಪಶ್ಮೀನಾ ಶಾಲಿನ ಹೆಂಗಸು ಹಿಂತಿರುಗಿ ನೋಡಿದರು. "ಅಪ್ಪಾ, ಪ್ಲೀಸ್ ಯಾರ್," ಎಂದು ನಾನು ಹಲ್ಲು ಕಚ್ಚಿದೆ. ಅಪ್ಪನಿಗೆ ನನ್ನ ಮೇಲೆ ಗಮನವೇ ಇರಲಿಲ್ಲ. ಇನ್ನೊಂದು ಸುತ್ತಿಗೆ ಮತ್ತೆ "ಬಂತು". ಅವರ ಮುಖ ನೋಡಿದೆ. ನಲವತ್ತೆಂಟು ವರ್ಷದ ಮನುಷ್ಯ, ಕಣ್ಣರಳಿಸಿಕೊಂಡು, ಮುಂದಿನ ಸಮ್ಮಿಗಾಗಿ ಉಸಿರು ಹಿಡಿದಿದ್ದರು. ನಾಚಿಕೆಯಿಂದ ಸಾಯುತ್ತಿದ್ದರೂ ಆ ಮುಖವನ್ನು ನಾನು ಮರೆತಿಲ್ಲ. ಆಟೋದಲ್ಲಿ ಚಳಿಗೆ ಮುದುಡಿ ಕೂತಿದ್ದಾಗ ಕೇಳಿದರು: "ನಿಮ್ಮಮ್ಮ ಮನೇಲಿ ಹಾಡ್ತಾಳಲ್ಲ, ಅದ್ರಲ್ಲೂ ಇದು ಬರುತ್ತಾ?"

"ಬರುತ್ತೆ ಅಪ್ಪ. ಎಲ್ಲ ಹಾಡಲ್ಲೂ ಬರುತ್ತೆ."

"ಅಚ್ಛಾ," ಅಂದರು.

ಮಾರನೆಯ ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಾಗ ಅಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಬೆರಳು ಮಡಿಸುತ್ತಿದ್ದರು. "ನಿಂದು ಎಂಟು ಮಾತ್ರೆ, ಇಲ್ಲಿಯವರ ತೀನ್‌ತಾಲ್ ಹದಿನಾರು. ಕರೆಕ್ಟಾಗಿ ಅರ್ಧ," ಅಂದರು. "ಇದು ಯಾವ ರಾಗ?"

"ರಾಗಗೀಗ ನಂಗೊತ್ತಿಲ್ಲ. ಹಾಡು, ಅಷ್ಟೇ," ಅಂದಳು ಅಮ್ಮ. "ದೋಸೆ ಸೀಯುತ್ತೆ, ಸರೀರಿ." ಆದರೆ ಆವತ್ತು ಅವಳು ಇನ್ನೂ ಎರಡು ಹಾಡು ಹಾಡಿದಳು.

ಜನವರಿಯ ಪರೀಕ್ಷೆಯಲ್ಲಿ ನಾನು ಪಾಸಾದೆ. ಸಂಗೀತ ನನ್ನಲ್ಲೇ ಉಳಿಯಿತು. ಅಪ್ಪ ಕೇಳಿದ್ದು ಒಂದೇ ಮಾತು: "ಲಯಕಾರಿಗೆ ಫುಲ್ ಕೊಟ್ರಾ?" ಕೊಟ್ಟಿದ್ದರು. ಆಮೇಲೆ ಪೇಪರು ಓದುವ ಕುರ್ಚಿಯನ್ನು ಅವರು ಅಡುಗೆಮನೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು. ರಿಟೈರ್ ಆಗುವವರೆಗೂ ಕುರ್ಚಿ ಅಲ್ಲೇ ಇತ್ತು.

ಆ ಕ್ವಾರ್ಟರ್ಸನ್ನೆಲ್ಲ ಈಗ ಕೆಡವಿಹಾಕಿದ್ದಾರೆ. ಹುಲ್ಲೂ ಇಲ್ಲ, ಬಿಸಿಲಿಗೆ ಮಂಚ ಎಳೆಯುವ ಜಾಗವೂ ಇಲ್ಲ. ನಾವು ಮೂವರೂ ಈಗ ಘಾಜಿಯಾಬಾದಿನ ಒಂದು ಫ್ಲ್ಯಾಟಿನಲ್ಲಿದ್ದೇವೆ, ಪಂಡಿತ್‌ಜೀ ಇದ್ದ ಗಲ್ಲಿಯಿಂದ ಹೆಚ್ಚು ದೂರವಿಲ್ಲ. ಅವರಿಲ್ಲ. ನಾನು ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಪೇರೆಂಟ್ಸು ಮೆಸೇಜ್ ಕಳಿಸುತ್ತಾರೆ, ಮ್ಯಾಮ್, ಓನ್ಲಿ ಥಿಯರಿಗೆ ಟ್ಯೂಟರ್ ಇದ್ದರೆ ಹೇಳಿ ಎಂದು. ನಾನು ಹೇಳುವಷ್ಟರಲ್ಲಿ ಫೋನೇ ಅವರಿಗೆ ಹತ್ತು ಜನರನ್ನು ತೋರಿಸಿರುತ್ತದೆ. ನಮಗೊಬ್ಬರೂ ಸಿಗಲಿಲ್ಲವಲ್ಲ ಎಂದು ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿದೆ. ಅಪ್ಪನ ಕಿವಿ ಹೋಗುತ್ತಿದೆ. ಮೊದಲು ಟಿವಿಯ ದನಿ ಏರಿತು, ಆಮೇಲೆ ಪ್ರತಿ ಮಾತಿಗೂ "ಆಂ?" ಎನ್ನತೊಡಗಿದರು. ಡಾಕ್ಟರು ಕೊಟ್ಟ ಮಿಷನ್ನು ಡ್ರಾಯರಿನಲ್ಲಿದೆ. ಹಾಕಿಕೊಳ್ಳಿ ಎಂದರೆ, "ಅದ್ರಲ್ಲಿ ಕುಕ್ಕರೂ ನಿಮ್ಮಮ್ಮನೂ ಒಂದೇ ಥರ ಕಿರುಚ್ತಾರೆ. ನಂಗೆ ಬೇಡ," ಅನ್ನುತ್ತಾರೆ. ವಾದ ಮಾಡಿ ನನ್ನ ಗಂಟಲು ಹರಿದಿದೆ. ಅಮ್ಮ ಮಾತ್ರ ಒಂದು ಸಲ, ನನ್ನ ಕಡೆ ತಿರುಗದೆ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ," ಅಂದಳು. ಕಿವಿ ನೆಟ್ಟಗಿದ್ದ ಅಷ್ಟು ವರ್ಷ ಅವಳ ಹಾಡು ಅವರಿಗೆ ಕೇಳಿಸಿರಲಿಲ್ಲ. ಕೇಳಿಸತೊಡಗಿದ ಮೇಲೆ ಸಿಕ್ಕಿದ್ದು ಹತ್ತೋ ಹನ್ನೆರಡೋ ವರ್ಷ. ಇದನ್ನು ಯಾರ ಹತ್ತಿರ ಹೋಗಿ ವಿಚಾರಿಸುವುದು?

ಹೋದ ಭಾನುವಾರ ಅಮ್ಮ, ಅಪ್ಪ ಎದುರುಬದುರು ಕೂತು ಬಟಾಣಿ ಸುಲಿಯುತ್ತಿದ್ದರು. ಅಮ್ಮ ಹಾಡಿಕೊಳ್ಳುತ್ತಿದ್ದಳು. ಮೊದಲೆಲ್ಲ ಹಾಡುವಾಗ ತಾಳ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ಈಗ ಎಡಗೈಯನ್ನು ಮೇಜಿನ ಮೇಲೆ, ಅಪ್ಪನಿಗೆ ಕಾಣುವ ಹಾಗೆ ಇಟ್ಟುಕೊಂಡು ಬೆರಳೆಣಿಸುತ್ತಾಳೆ. ಅಪ್ಪ ಸುಲಿಯುವುದು ನಿಲ್ಲಿಸಿ ಆ ಕೈಯನ್ನೇ ನೋಡುತ್ತಿದ್ದರು.

"ಬಂತು," ಅಂದರು. ಕಿವಿ ಕೇಳದವರ ದನಿ, ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಯಾವ ರಾಗ?"

"ಭೈರವಿ," ಎಂದು ಕಿವಿಯ ಹತ್ತಿರ ಕೂಗಿದೆ.

"ನಮ್ದಾ, ಇವರದ್ದಾ?"

ಅಮ್ಮ ಹಾಡು ನಿಲ್ಲಿಸದೆ, ಕೈಯಲ್ಲಿದ್ದ ಬಟಾಣಿ ಸಿಪ್ಪೆಯಿಂದ ತನ್ನನ್ನೇ ತೋರಿಸಿಕೊಂಡಳು. ಅಪ್ಪ ತಲೆಯಾಡಿಸಿ ಮತ್ತೆ ಅವಳ ಕೈ ನೋಡತೊಡಗಿದರು. ಹಾಡು ಅವರಿಗೆ ಕೇಳಿಸುತ್ತಿರಲಿಲ್ಲ. ಮುಂದಿನ ಸಮ್ಮಿಗೂ ಸರಿಯಾಗಿ ಬಂದರು.