ಆರ್ಯಾದ ಎಂಬ ಒಂದು ಮಾತು

ಹೋದ ವಾರ ಯಾದಗಿರಿಯ ನಮ್ಮ ಮನೆಯ ಮಾಳಿಗೆಗೆ ಡಾಂಬರು ಹಚ್ಚಿಸಿದೆ. ಮಳೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಬೋಗುಣಿ ಇಟ್ಟು ಕೂಡುವುದು ಹೆಂಡತಿಗೆ ಸಾಕಾಗಿ ಹೋಗಿತ್ತು. ಕೆಲಸದವನು ಅಂಗಳದಲ್ಲಿ ಮೂರು ಕಲ್ಲು ಹೂಡಿ ಡಬ್ಬಿ ಕಾಯಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬಿಸಿಲಿಗೆ ಹಾಗಾಗಿದೆ ಎಂದು ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಬಿಸಿಲಲ್ಲ... ಅಂಬಿಗ ಕಾಕಾ.

ನಾನು ಮೊದಲು ಮಾಸ್ತರನಾಗಿ ಹೋದದ್ದು ಸುರಪುರದ ಆಚೆ, ಕೃಷ್ಣೆಯ ನಡುವಿನ ಒಂದು ಗಡ್ಡಿಗೆ. ಸುತ್ತ ನೀರು, ನಡುವೆ ಒಂದಿಷ್ಟು ಮನೆ, ಒಂದೇ ಖೋಲಿಯ ಶಾಲೆ. ಹೋಗಲು ಬರಲು ಕಾಕಾನ ಹರಿಗೋಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅವನ ಕೈ ಎಷ್ಟು ಒಳ್ಳೆಯದೋ ಬಾಯಿ ಅಷ್ಟೇ ಕೆಟ್ಟದ್ದು. ಮೊದಲ ದಿನವೇ ನನ್ನ ಬಿಳಿ ಪ್ಯಾಂಟು ನೋಡಿ, "ಏನ್ರಿ ಮಾಸ್ತರ, ಸಾಲಿಗಿ ಬಂದೀರೋ, ಮದಿವಿಗಿ ಬಂದೀರೋ?" ಎಂದು ತುಂಬಿದ ಹರಿಗೋಲಿನಲ್ಲಿ ಕೇಳಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇಪ್ಪತ್ತಮೂರರ ವಯಸ್ಸು, ಹೊಸ ನೌಕರಿಯ ಸೊಕ್ಕು. ಆ ನಗೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ವರ್ಷಕ್ಕೊಮ್ಮೆ ಬೇಸಿಗೆ ಹತ್ತುತ್ತಲೇ ಅವನು ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುತ್ತಿದ್ದ. ತಳಕ್ಕೆ ಹತ್ತಿದ ಪಾಚಿ, ಕಚ್ಚಿಕೊಂಡ ಸಣ್ಣ ಸಣ್ಣ ಶಂಖ, ಹೊಪ್ಪಳಿಕೆಯೆದ್ದ ಹಳೆಯ ಡಾಂಬರು, ಎಲ್ಲವನ್ನೂ ಕುಡುಗೋಲಿನ ಬೆನ್ನಿನಿಂದ ಕೆರೆದು ತೆಗೆಯುವುದೇ ಎರಡು ದಿನದ ಕೆಲಸ. ಪಾಚಿ ಬಿಟ್ಟರೆ ಹರಿಗೋಲು ಭಾರವಾಗುತ್ತದೆ, ತಳವೂ ಕೊಳೆಯುತ್ತದೆ ಎನ್ನುತ್ತಿದ್ದ. ಹರಿದಲ್ಲಿ ಗೋಣಿತಟ್ಟಿನ ತೇಪೆ, ಅದರ ಮೇಲೆ ಕುದಿಯುವ ಡಾಂಬರು. ಆಮೇಲೆ ಮೂರು ಬಿಸಿಲು ಕಾಯಬೇಕು. ಆ ಮೂರು ದಿನ ಗಡ್ಡಿಯವರು ಗಡ್ಡಿಯಲ್ಲೇ.

ಆರಿದೆಯೋ ಇಲ್ಲವೋ ಎಂದು ಅವನು ಬೆರಳಿನಿಂದ ನೋಡುತ್ತಿರಲಿಲ್ಲ. ಮೊಣಕಾಲೂರಿ, ತಳಕ್ಕೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇರುತ್ತಿದ್ದ. "ಬೆರಳು ದಡ್ಡುಗಟ್ಟ್ಯಾವ್ರಿ ಮಾಸ್ತರ, ಸುಳ್ಳು ಹೇಳ್ತಾವ. ಕೆನ್ನಿ ಹೇಳಂಗಿಲ್ಲ" ಎಂದಿದ್ದ ಒಮ್ಮೆ. ಆ ದಿನಗಳಲ್ಲಿ ಅವನ ಎಡಗೆನ್ನೆ ಯಾವಾಗಲೂ ಕಪ್ಪಗಿರುತ್ತಿತ್ತು.

ಎರಡನೆಯ ವರ್ಷ ಅದೇ ಮೂರು ದಿನಗಳ ನಡುವೆ ನನಗೆ ದೋರನಹಳ್ಳಿಯಲ್ಲಿ ಹೆಣ್ಣು ನೋಡುವುದಿತ್ತು. ದಾಟಿಸು ಎಂದು ಕೇಳಿದೆ. "ಇನ್ನೊಂದು ಬಿಸಲ ಆಗ್ಲಿ. ಹುಡುಗಿ ಎಲ್ಲಿ ಓಡಿಹೋಗ್ತಾಳ್ರಿ?" ಎಂದ. ಸುತ್ತಲಿದ್ದವರು ಮತ್ತೆ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಮರುದಿನ ಮಧ್ಯಾಹ್ನ ಮತ್ತೆ ದಂಡೆಗೆ ಹೋದೆ. ಶಾಲೆಯ ಮಾಳಿಗೆ ಸೋರುತ್ತಿತ್ತು. ತೇಪೆಗೆ ಹಚ್ಚಿ ಮಿಕ್ಕಿದ ಡಾಂಬರನ್ನು ಶಾಲೆಗೆ ಕೊಡುತ್ತೇನೆಂದು ಅವನೇ ಹೇಳಿ, ಅಂದು ಮುಂಜಾನೆ ಕಾಯಿಸಿ ಡಬ್ಬಿಗೆ ಸುರಿದಿಟ್ಟಿದ್ದ. ಡಬ್ಬಿ ತೋರಿಸಿ, "ಕಾಕಾ, ಆರ್ಯಾದೇನು?" ಎಂದೆ.

"ಆರ್ಯಾದ್ರಿ, ಒಯ್ರಿ. ನಮ್ಮ ಹುಡುಗ್ರ ತಲಿ ಮ್ಯಾಲ ಸೋರಬಾರ್ದು" ಎಂದವನು ಊಟಕ್ಕೆ ಮನೆಗೆ ಹೋದ.

ನಮ್ಮ ಕಡೆ ಬಿಸಿ ತಣಿದರೂ ಆರ್ಯಾದ, ಹಸಿ ಒಣಗಿದರೂ ಆರ್ಯಾದ. ಅವನು ಹೇಳಿದ್ದು ಡಬ್ಬಿಯ ಮಾತು. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಗಡ್ಡಿಯ ನ್ಯಾಯ ತೀರಿಸುವ ಹಿರಿಯರ ತಮ್ಮ ನಾಲ್ಕು ಕುರಿ ಹೊಡೆದುಕೊಂಡು ಬಂದ. ಸುರಪುರದ ಸಂತೆಗೆ ಹೋಗಬೇಕಿತ್ತು ಅವನಿಗೆ. "ಮಾಸ್ತರ, ಎರಡ ಬಿಸಲ ಆಗ್ಯಾವಲ್ಲ, ಏನಂತಾನ ಕಾಕಾ?" ಎಂದು ಕೇಳಿದ. ಡಬ್ಬಿ ನನ್ನ ಕೈಯಲ್ಲೇ ಇತ್ತು. "ಆರ್ಯಾದ ಅಂದಾನ" ಎಂದೆ.

ಹುಟ್ಟು ಹಾಕುವುದು ಗಡ್ಡಿಯ ಗಂಡಸರಿಗೆಲ್ಲ ಬರುತ್ತಿತ್ತು. ಡಬ್ಬಿಯನ್ನು ದಂಡೆಯ ಮೇಲಿಟ್ಟೆ. ಇಬ್ಬರೂ ಸೇರಿ ಹರಿಗೋಲು ಮಗುಚಿ ನೀರಿಗೆ ಎಳೆದೆವು. ಹಸಿ ಡಾಂಬರು ದಂಡೆಯ ಕಲ್ಲಿಗೆ ಹತ್ತಿ ಕರಿ ಗೆರೆ ಮೂಡಿದ್ದನ್ನು ನಾನು ನೋಡಿದೆ. ನೋಡಿಯೂ ಹತ್ತಿ ಕುಳಿತೆ. ಅದಕ್ಕೂ ಮೊದಲು ಇನ್ನೊಂದು ಮಾತು ಆಡಿದ್ದೆ... "ಕುರಿ ಕಾಲು ಕಟ್ಟಪಾ, ನನ್ನ ಪ್ಯಾಂಟ್ ಹೊಲಸ ಮಾಡ್ತಾವ." ಅವನು ಕಟ್ಟಿದ.

ನಡು ಹೊಳೆಯಲ್ಲಿ ತೇಪೆ ಬಿಚ್ಚಿಕೊಂಡಿತು. ಮೊದಲು ಪಾದ ತೋಯಿತು, ನೋಡನೋಡುತ್ತ ಮೊಣಕಾಲ ತನಕ ನೀರು. ನಾವಿಬ್ಬರೂ ಮಗುಚಿಬಿದ್ದ ಹರಿಗೋಲಿನ ಅಂಚು ಹಿಡಿದು ತೇಲುತ್ತ ಗಡ್ಡಿಯ ದಂಡೆ ಮುಟ್ಟಿ ಬದುಕಿದೆವು. ಕುರಿಗಳ ಕಾಲು ಬಿಚ್ಚಿದ್ದರೆ ಈಜುತ್ತಿದ್ದವು. ನಾಲ್ಕೂ ಒಂದೇ ಕಡೆಗೆ ಮುಖ ಎತ್ತಿದ್ದವು. ಆಮೇಲೆ ಮುಖಗಳೂ ಇರಲಿಲ್ಲ.

ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರು ಕೂಡಿತು. ಕಾಕಾ ಕೆಳಗೆ, ಮಣ್ಣಿನಲ್ಲಿ ಕುಳಿತಿದ್ದ. ತಳ ಆರಿತೆಂದು ತಾನು ಹೇಳಿಯೇ ಇಲ್ಲ, ಹೇಳಿದ್ದು ಡಬ್ಬಿಯ ಮಾತು, ಬೇಕಾದರೆ ಮಾಸ್ತರರನ್ನೇ ಕೇಳಿರಿ ಎಂದ. ಹಿರಿಯರು ನನ್ನ ಕಡೆ ತಿರುಗಿದರು.

"ಹೇಳ್ರಿ ಮಾಸ್ತರ. ಇಂವ ಏನಂದ?"

"ಆರ್ಯಾದ ಅಂದ" ಎಂದೆ.

ಸುಳ್ಳೇನಲ್ಲ. ಅವನ ಬಾಯಿಂದ ಬಂದ ಮಾತನ್ನು ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದೆ. ಅದರ ಹಿಂದಿನ ನನ್ನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆದರಿಕೆಯಿತ್ತು ನಿಜ, ಆದರೆ ಅದರ ಅಡಿಯಲ್ಲಿ ಒಂದು ಖುಷಿಯೂ ಇತ್ತು. ಈಗ ನಗು ನೋಡೋಣ ಎನ್ನುವಂಥ ಖುಷಿ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಕಾಕಾ ನನ್ನನ್ನೇ ನೋಡಿದ. "ಮಾಸ್ತರ ಹುಡುಗ್ರಿಗಿ ಕನ್ನಡ ಕಲಸ್ತಾರ" ಎಂದ ಮೆಲ್ಲಗೆ. "ಅವರಿಗಿ ಗೊತ್ತಿರತಾದ." ಅಷ್ಟೇ ಅಂದ.

ಇನ್ನು ಅವನ ಹರಿಗೋಲಿನಲ್ಲಿ ಯಾರೂ ಕೂಡಬಾರದೆಂದು ತೀರ್ಮಾನವಾಯಿತು. ಅದು ಸಾಲದೆಂದು ಕುರಿಯವನು, ಹರಿಗೋಲಿನ ತಳವನ್ನು ಅವನ ಕೈಯಿಂದಲೇ ಕೊಯ್ಯಿಸಬೇಕು ಎಂದ. ಮರುದಿನ ಮುಂಜಾನೆ ಊರೆಲ್ಲ ದಂಡೆಯ ಮೇಲೆ ನಿಂತಿತ್ತು. ಕಾಕಾ ಕುಡುಗೋಲು ತಂದ. ಬೋರಲು ಬಿದ್ದ ಹರಿಗೋಲಿನ ಮುಂದೆ ಮೊಣಕಾಲೂರಿ, ಎಂದಿನಂತೆ ತಳಕ್ಕೆ ಕೆನ್ನೆ ಹಚ್ಚಿದ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎದ್ದು, ಈ ಅಂಚಿನಿಂದ ಆ ಅಂಚಿನ ತನಕ ಸೀಳಿದ. ಹಸಿ ತಳ, ಸದ್ದೇ ಆಗಲಿಲ್ಲ.

ಊರವರು ಬೇರೆ ಹರಿಗೋಲು ತರಿಸಿದ ಮೇಲೆ, ಹೆಣ್ಣು ನೋಡಲು ನಾನು ಹದಿನೈದು ದಿನ ತಡವಾಗಿ ಹೋದೆ. ಹುಡುಗಿ ಎಲ್ಲೂ ಓಡಿಹೋಗಿರಲಿಲ್ಲ. ಕಾಕಾ ಕೊಟ್ಟ ಡಾಂಬರನ್ನು ಮತ್ತೆ ಕಾಯಿಸಿ ಶಾಲೆಯ ಮಾಳಿಗೆಗೆ ಹಚ್ಚಿದೆ. ನಾನಿದ್ದ ತನಕ ಒಂದು ಹನಿಯೂ ಸೋರಲಿಲ್ಲ.

ಅವನು ಗಡ್ಡಿ ಬಿಟ್ಟು ಹೋದ. ಎಷ್ಟೋ ವರ್ಷಗಳ ಮೇಲೆ ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕ. ಕಡೇಚೂರಿನ ಕಡೆ ಯಾವುದೋ ಕಾರ್ಖಾನೆಯ ಗೇಟು ಕಾಯುತ್ತೇನೆಂದ. ಖಾಕಿ ಅಂಗಿ ಅವನಿಗೆ ದೊಡ್ಡದಾಗಿತ್ತು. ನಾನು ನೋಡಿದ್ದು ಅವನ ಉಗುರು. ಬೆಳ್ಳಗಿದ್ದವು... ಅವನ ಉಗುರು ಬೆಳ್ಳಗಿರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ.

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾಲಿ ಮಾಳಗಿ ಈಗ ಸೋರಂಗಿಲ್ಲಲ್ರಿ ಮಾಸ್ತರ?" ಎಂದು ಕೇಳಿದ.

ಇಲ್ಲ ಕಾಕಾ ಎಂದೆ. ಚಲೋ ಆಯ್ತು ಎಂದು ಬಸ್ಸು ಹತ್ತಿದ. ಮರುವರ್ಷ ತೀರಿಕೊಂಡನೆಂದು ಗಡ್ಡಿಯ ಕಡೆಯವರೊಬ್ಬರು ಹೇಳಿದರು. ಗಡ್ಡಿಗೆ ಹೋಗಿ ಕಟ್ಟೆಯ ಮೇಲೆ ನಿಂತು ಉಳಿದ ಅರ್ಧ ಮಾತನ್ನು ಹೇಳಿ ಬರಬೇಕೆಂದು ಆಗ ಅಂದುಕೊಂಡೆ. ಹೋಗಲಿಲ್ಲ. ಈಗ ಅಲ್ಲಿ ಕೇಳಲು ಆ ಹಿರಿಯರೂ ಇಲ್ಲ, ಕುರಿಯವನೂ ಇಲ್ಲ.

ಹೋದ ವಾರ ಕೆಲಸದವನು ಮಾಳಿಗೆಯ ಮೇಲಿಂದ ಕೂಗಿದ. "ಆರ್ಯಾದ್ರಿ ಸರ್, ಬಂದು ನೋಡ್ರಿ." ಕಟ್ಟಿಗೆಯ ನಿಚ್ಚಣಿಕೆ ಹಿಡಿದು ಹತ್ತಿದೆ. ನೋವಿನ ಮೊಣಕಾಲನ್ನು ಹೇಗೋ ಊರಿ, ಬಗ್ಗಿ, ಡಾಂಬರಿಗೆ ಕೆನ್ನೆ ಹಚ್ಚಿದೆ. ಅವನು ಗಾಬರಿಯಾಗಿ ನನ್ನ ಹೆಂಡತಿಯನ್ನು ಕರೆದ.

ಕೆಳಗೆ ಕೂಡಿಸಿ ಅವಳು ಕೊಬ್ಬರಿ ಎಣ್ಣೆಯಲ್ಲಿ ಅರಿವೆ ಅದ್ದಿ ಕೆನ್ನೆ ಉಜ್ಜಿದಳು. "ಏನರೆ ಹುಚ್ಚ ಹಿಡದಾದೇನು ನಿಮಗ? ಅಂವ ಆರ್ಯಾದ ಅಂದಿದ್ದನಲ್ಲ?"

"ಅಂದಿದ್ದ" ಎಂದೆ.

ಇಷ್ಟು ವರ್ಷದ ಸಂಸಾರದಲ್ಲಿ ಕಾಕಾನ ಬಗ್ಗೆ ಅವಳಿಗೂ ನಾನು ಹೇಳಿರುವುದು ಅಷ್ಟೇ.