ಕಂಬವಲ್ಲದ ಪೋಸ್ಟ್

ಬೆಳಕು ಹರಿಯುವ ಮೊದಲೇ ಬಾಟಲಿ ಕಾರ್ಖಾನೆಯ ಕಬ್ಬಿಣದ ಗೇಟು ಕಿರುಗುಟ್ಟುತ್ತದೆ. ಖಾಕಿ ಅಂಗಿಯ ಮೇಲೆ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಭುಜ ಕೊಟ್ಟು ಅದನ್ನು ತಳ್ಳುತ್ತಾರೆ. ಲಾರಿ ಡ್ರೈವರ್ ತಲೆ ಹೊರಹಾಕಿ, "ಗೇಟಕ್ಕಾ, ಮುಖ ಯಾಕೆ ಸಪ್ಪಗಿದೆ?" ಎನ್ನುತ್ತಾನೆ.

"ನಿನ್ನ ಹಾರ್ನ್ ಕೇಳಿದ್ರೆ ಯಾರ ಮುಖ ಅರಳತ್ತೆ? ಮೆಲ್ಲಗೆ ಬಿಡು!"

ಇಲ್ಲಿ ಎಲ್ಲರಿಗೂ ಅವರು ಗೇಟಕ್ಕ. ಗಂಡ ತೀರಿಕೊಂಡ ವರ್ಷ ಕಾವಲು ಕೆಲಸಕ್ಕೆ ಸೇರಿದವರು. ದಿನಕ್ಕೆ ಹನ್ನೆರಡು ಗಂಟೆಯ ಪಾಳಿ. ಅಷ್ಟೂ ಹೊತ್ತು ನಿಂತೇ ಇರಬೇಕೆಂಬುದು ಇತ್ತೀಚಿನವರೆಗೂ ಇದ್ದ ನಿಯಮ.

"ಸಂಜೆ ಮನೆಗೆ ಹೋದ್ರೆ ಕಾಲು ಪದ ಹೇಳ್ತಿದ್ವು. ಚಪ್ಪಲಿನೇ ಹಿಡೀತಿರಲಿಲ್ಲ," ಎನ್ನುತ್ತಾರೆ. ಕಳೆದ ವರ್ಷ ಮೀನಖಂಡದ ನರಗಳು ಹಗ್ಗದಂತೆ ಉಬ್ಬಿದವು. ಹೀಗೇ ನಿಂತರೆ ಹುಣ್ಣಾಗುತ್ತದೆಂದು ಡಾಕ್ಟರು ಗದರಿದರು. ಸ್ಟೂಲು ಕೇಳಿದರೆ ಸೂಪರ್‌ವೈಸರ್ ನಕ್ಕರು: "ಈ ಗೇಟು ನಿಮ್ಮ ಪೋಸ್ಟ್. ಪೋಸ್ಟ್ ಅಂದ್ರೇನು ಗೊತ್ತಾ? ಕಂಬ. ಕಂಬ ಎಲ್ಲಾದ್ರೂ ಕೂರತ್ತಾ?"

ಅಂದು ಸಂಜೆ ಗೇಟಕ್ಕ ತಂಗಿಯ ಮನೆಗೆ ಹೋಗಿ ಆ ಮಾತು ಹೇಳಿದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ತಂಗಿ ಅಡುಗೆಮನೆಯಲ್ಲೇ ನಿಘಂಟು ಬಿಡಿಸಿ ಕೂತಳು. ಕಂಬ ಎನ್ನುವ ಪೋಸ್ಟ್ ಹುಟ್ಟಿದ್ದು ಲ್ಯಾಟಿನ್ ಭಾಷೆಯ ಬಾಗಿಲುಕಂಬದಿಂದ. ಕೆಲಸದ ಪೋಸ್ಟಿನ ಮೂಲ ಬೇರೆ. 'ಇರಿಸಿದ್ದು' ಎಂಬ ಲ್ಯಾಟಿನ್ ಮಾತು ಇಟಲಿ, ಫ್ರಾನ್ಸ್ ಸುತ್ತಿಕೊಂಡು ಬಂದು ಹಾಗಾಯಿತು. ಕಾಗದ ತರುವ ಪೋಸ್ಟೂ ಅದೇ ವಂಶದ್ದು. ಹಿಂದೆ ಕಾಗದ ಸಾಗಿಸಲು ದಾರಿಯುದ್ದಕ್ಕೂ ಅಲ್ಲಲ್ಲಿ ಸವಾರರನ್ನು ಇರಿಸುತ್ತಿದ್ದರಂತೆ.

"ಕಂಬಕ್ಕೂ ನಿನ್ನ ಕೆಲಸಕ್ಕೂ ಹೆಸರೊಂದೇ ಅಕ್ಕ, ನೆಂಟಸ್ತನ ಇಲ್ಲ," ಎಂದಳು ತಂಗಿ.

ಮರುದಿನ ಗೇಟಕ್ಕ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂತೇಬಿಟ್ಟರು. ಸೂಪರ್‌ವೈಸರ್ ದಾಪುಗಾಲು ಹಾಕುತ್ತ ಬಂದರು. ಏಳಿ, ಇಲ್ಲವೇ ಮನೆಗೆ ನಡೀರಿ ಎಂದರು.

"ನಿಘಂಟು ನೋಡಿಸಿದ್ದೀನಿ ಸಾರ್, ಈ ಪೋಸ್ಟ್ ಅಂದ್ರೆ ಇರಿಸಿದ್ದು. ನನ್ನನ್ನ ಇಲ್ಲಿ ಇರಿಸಿದ್ದೀರಿ, ನೆಟ್ಟಿಲ್ಲ. ಗೇಟು ಕಾಯ್ತೀನಿ. ಕೂತೇ ಕಾಯ್ತೀನಿ."

"ನಿಘಂಟು ಸಂಬಳ ಕೊಡಲ್ಲ," ಎಂದ ಅವರು ಗೇಟಕ್ಕನನ್ನು ಒಂದು ವಾರ ಕೆಲಸದಿಂದ ಹೊರಗಿಟ್ಟರು.

ಆ ವಾರ ನಿದ್ದೆ ಹತ್ತಲಿಲ್ಲ ಎಂದು ಗೇಟಕ್ಕ ಒಪ್ಪಿಕೊಳ್ಳುತ್ತಾರೆ. ಇರುವುದೊಂದೇ ದುಡಿಮೆ, ಓದುವ ಮಗಳು ಬೇರೆ. ಆದರೆ ಅಷ್ಟರಲ್ಲಿ ಹಿಂಬದಿ ಗೇಟು ಕಾಯುವ ಅಜ್ಜನೂ ಕ್ರೇಟು ಬೋರಲು ಹಾಕಿದ್ದರು. ಆಮೇಲೆ ಗೋದಾಮಿನ ಕಾವಲುಗಾರ. ಎಲ್ಲರನ್ನೂ ಮನೆಗೆ ಕಳಿಸಿದರೆ ಕಾರ್ಖಾನೆ ಕಾಯುವವರು ಯಾರು? ಗೇಟಕ್ಕ ಮರಳಿ ಬಂದಾಗ ಪ್ರತಿ ಬಾಗಿಲಿಗೂ ಒಂದೊಂದು ಸ್ಟೂಲು ಬಂದಿತ್ತು.

ಕಾಲಿನ ಊತ ಈಗ ಅರ್ಧ ಇಳಿದಿದೆ. ಸಮಾಧಾನವಾಯಿತೇ ಎಂದು ಕೇಳಿದರೆ ಗೇಟಕ್ಕ ಸೊಂಟದ ಮೇಲೆ ಕೈಯಿಡುತ್ತಾರೆ.

"ಎಲ್ಲಿಯ ಸಮಾಧಾನ? ಸ್ಟೂಲಿಗೆ ಬೆನ್ನಿಲ್ಲ, ನಮಗಿದೆ. ಮುಂದಿನ ತಿಂಗಳು ಕುರ್ಚಿ ಕೇಳ್ತೀವಿ."